ಅಗಳಿಯಿಲ್ಲದ ಬಾಗಿಲು

ಹೋದ ತಿಂಗಳು ಧಾರವಾಡದ ನಮ್ಮ ಮನೆಗೆ ಹೊಸ ಬಾಗಿಲು ಕೂಡಿಸಲು ಬಂದಿದ್ದ ಬಡಿಗ, ಕೆಲಸವೆಲ್ಲ ಮುಗಿದ ಮೇಲೆ ಚೀಲದಿಂದ ಜಿಡ್ಡುಗಟ್ಟಿದ ಒಂದು ಬಾಟಲಿ ತೆಗೆದು ಬಿಜಾಗರಿಗಳಿಗೆ ನಾಲ್ಕು ನಾಲ್ಕು ಹನಿ ಎಣ್ಣೆ ಬಿಟ್ಟ. ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಂತು. ಔಡಲೆಣ್ಣೆ. ಮರದ ಮೇಲೆ ಬಿದ್ದ ಔಡಲೆಣ್ಣೆ. ಅದರ ಬೆನ್ನಿಗೇ ತಣ್ಣಗಿನ ಕಲ್ಲಿನ ವಾಸನೆ, ಒಲೆಯ ಬೂದಿಯ ವಾಸನೆ, ನನ್ನ ಅಜ್ಜಿ ದಾದಿಯ ಸೀರೆಯ ತಂಬಾಕಿನ ವಾಸನೆ. ಇವು ಯಾವುವೂ ಈ ಮನೆಯಲ್ಲಿಲ್ಲ, ಎಲ್ಲಿಂದ ಬಂದವೋ ಗೊತ್ತಿಲ್ಲ. ಕೈಗೆ ಮೆತ್ತಿದ್ದ ಹಿಟ್ಟನ್ನು ತೊಳೆಯದೆ ಹಾಗೆಯೇ ಹೊರಗೆ ಬಂದು ನಿಂತೆ. ಬಡಿಗ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ತೋರಿಸಿ, "ಗಟ್ಟಿ ಐತ್ರಿ ಅಕ್ಕಾರ. ಆನಿ ಬಂದು ನೂಕಿದ್ರೂ ತೆರೆಯಂಗಿಲ್ಲ" ಎಂದ. ನಾನು ಚಲೋ ಆಯಿತು ಎಂದೆ. ನಿಜಕ್ಕೂ ಚಲೋ ಆಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಬಾಗಿಲುಗಳ ವಿಷಯದಲ್ಲಿ ಹತ್ತು ವರ್ಷದವಳಿದ್ದಾಗಿನಿಂದಲೂ ನನ್ನ ತಲೆ ಸರಿಯಿಲ್ಲ.

ನಮ್ಮೂರು ಕಲ್ಲಗಡ. ಸವದತ್ತಿಯಿಂದ ಮನೋಳಿ ದಾಟಿ, ಸಿರಸಂಗಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಬಯಲಿನ ನಡುವೆ ಒಂದು ಕೆಂಪು ಗುಡ್ಡ ಎದ್ದು ನಿಂತದ್ದು ಕಾಣುತ್ತದೆ. ಸುತ್ತಲೂ ಎರೆಹೊಲ, ಹತ್ತಿ, ಬಿಳಿಜೋಳ. ಗುಡ್ಡದ ಮೇಲೆ ಮಾತ್ರ ಹಿಡಿ ಮಣ್ಣಿಗೂ ಬರ, ಬರೀ ಕಲ್ಲು. ಬುಡದಲ್ಲಿ ಪ್ಯಾಟಿ ಇತ್ತು: ಬಸ್ಸು ನಿಲ್ಲುವ ಕಟ್ಟೆ, ಹಿಟ್ಟಿನ ಗಿರಣಿ, ಮಸೀದಿ, ಬಸವಣ್ಣನ ಗುಡಿ. ಅಲ್ಲಿಂದ ಮೇಲಕ್ಕೆ ಮೆಟ್ಟಿಲೂ ಅಲ್ಲದ ರಸ್ತೆಯೂ ಅಲ್ಲದ ಒಂದು ಏರು. ಏರಿನ ತುದಿಗೆ ಕೋಟೆಯ ಹೆಬ್ಬಾಗಿಲು. ಅದನ್ನು ನಾವು ಅಗಸಿ ಎನ್ನುತ್ತಿದ್ದೆವು. ಅಗಸಿಯ ಕದಗಳು ಯಾವ ಕಾಲಕ್ಕೋ ಹೋಗಿ ಬರೀ ಕಮಾನು ಉಳಿದಿತ್ತು. ಕಮಾನಿನ ಒಳಗೆ ಒಂದೇ ಓಣಿ. ಒಳಗೆ ಕಾಲಿಟ್ಟ ಕೂಡಲೇ ಬಲಕ್ಕೆ ಮೊದಲ ಮನೆ ನಮ್ಮದು, ಎದುರಿಗಿನದು ಗಂಗವ್ವನದು. ನಮ್ಮ ಮನೆಯ ಹಿಂದೆಯೇ ಹುಡೇವು, ಅಂದರೆ ಕೋಟೆಯ ದುಂಡನೆಯ ಕಾವಲುಗೋಪುರ. ಅದನ್ನು ಹತ್ತಿ ನಿಂತರೆ ದೂರದಲ್ಲಿ ಮಲಪ್ರಭೆ ಬೂದಿಬಣ್ಣದ ಗೆರೆಯಂತೆ ಕಾಣುತ್ತಿದ್ದಳು. ರಾಮದುರ್ಗದ ಕಡೆಯಿಂದ ಬರುವ ರಸ್ತೆಯೂ, ಅದರ ಮೇಲೆ ಏಳುವ ಧೂಳೂ ಕಾಣುತ್ತಿದ್ದವು.

ನಮ್ಮ ಓಣಿಯಲ್ಲಿ ಪೂರ್ವ ಪಶ್ಚಿಮ ಎಂದು ಯಾರೂ ಅನ್ನುತ್ತಿರಲಿಲ್ಲ. ದಂಡು ಬಂದ ದಿಕ್ಕು, ದಂಡು ಹೋದ ದಿಕ್ಕು, ನೀರಿನ ದಿಕ್ಕು ಎನ್ನುತ್ತಿದ್ದರು. "ಎಮ್ಮಿ ದಂಡ ಬಂದ ದಿಕ್ಕಿಗೆ ಹೋಗೇತಿ, ಹೊಡಕೊಂಡ ಬಾ" ಎಂದು ಗಂಗವ್ವ ತನ್ನ ಮಗಳಿಗೆ ಕೂಗಿ ಹೇಳಿದರೆ ಆ ಹುಡುಗಿ ಯೋಚನೆ ಮಾಡದೆ ಉತ್ತರದ ಕಡೆ ಓಡುತ್ತಿದ್ದಳು. ಕೋಟೆಯ ಗೋಡೆಯಲ್ಲಿ ಸಿಕ್ಕಿದ್ದ ಒಂದು ಕಬ್ಬಿಣದ ತೋಪಿನ ಗುಂಡು ಗಂಗವ್ವನ ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಜಜ್ಜುವ ಕೆಲಸಕ್ಕಿತ್ತು. ಯಾರು ಯಾರ ಮೇಲೆ ಹಾರಿಸಿದ್ದೆಂದು ಕೇಳಿದರೆ, "ಯಾರರ ಹಾರಸಲಿ, ಚಟ್ನಿ ಮಾತ್ರ ಛಲೋ ಆಗತೈತಿ" ಎಂದು ನಗುತ್ತಿದ್ದಳು. ಯುದ್ಧ ನಮ್ಮೂರಲ್ಲಿ ಹೀಗೆ ಮನೆಯೊಳಗಿನ ಸಾಮಾನಿನಂತೆ ಬಿದ್ದುಕೊಂಡಿತ್ತು. ಯಾರ ಯುದ್ಧ, ಯಾವಾಗ, ಯಾತಕ್ಕೆ ಎಂಬುದು ಮಾತ್ರ ಒಬ್ಬರಿಗೂ ನೆಟ್ಟಗೆ ಗೊತ್ತಿರಲಿಲ್ಲ. ಒಬ್ಬರು ಪೇಶ್ವೆಯವರ ದಂಡು ಎಂದರೆ ಇನ್ನೊಬ್ಬರು ನವಾಬನದು ಎನ್ನುತ್ತಿದ್ದರು. ಕಿತ್ತೂರಿನ ಕಡೆಯ ಬೀಗರು ಬಂದರೆ ಕುಂಪಣಿಯದೇ ಎಂದು ಪಟ್ಟು ಹಿಡಿಯುತ್ತಿದ್ದರು.

ಈಗ ನಮ್ಮ ಬಾಗಿಲಿನ ವಿಷಯಕ್ಕೆ ಬರುತ್ತೇನೆ. ಅದು ಒಂದೇ ಕದದ, ನಾಲ್ಕು ಬೆರಳು ದಪ್ಪದ ತೇಗದ ಬಾಗಿಲು. ಅದಕ್ಕೆ ಚಿಲಕವಿರಲಿಲ್ಲ, ಕೀಲಿಯಿರಲಿಲ್ಲ, ಅಗಳಿಯೂ ಇರಲಿಲ್ಲ. ಹಳೆಯ ಮನೆಗಳಲ್ಲಿ ಬಾಗಿಲ ಹಿಂದೆ ಈ ಗೋಡೆಯಿಂದ ಆ ಗೋಡೆಗೆ ಅಡ್ಡ ಸೇರಿಸುವ ಮರವೊಂದು ಇರುತ್ತಿತ್ತಲ್ಲ, ಅದೇ ಅಗಳಿ. ಅದು ಕೂಡುವ ಎರಡು ತೂತುಗಳು ಮಾತ್ರ ನಮ್ಮ ಗೋಡೆಗಳಲ್ಲಿ ಬಾಯಿ ತೆರೆದುಕೊಂಡಿದ್ದವು. ಒಂದರಲ್ಲಿ ದಾದಿ ಹಲ್ಲುಜ್ಜುವ ತಂಬಾಕಿನ ಡಬ್ಬಿ ಇಡುತ್ತಿದ್ದಳು, ಇನ್ನೊಂದರಲ್ಲಿ ಸೂಜಿ, ದಾರ, ಗುಂಡಿ. ಗುಡ್ಡದ ಗಾಳಿಗೆ ಕದ ಬಡಿದುಕೊಳ್ಳಬಾರದೆಂದು ಒಡೆದ ಬೀಸುಕಲ್ಲಿನ ಹೋಳೊಂದನ್ನು ಒಳಗಿನಿಂದ ಅದರ ಬುಡಕ್ಕೆ ಒರಗಿಸಿದ್ದೆವು. ಬರುವವರು ಸುಮ್ಮನೆ ನೂಕಬೇಕು, ಕಲ್ಲು ಗರಗರ ಎಂದು ಹಿಂದೆ ಸರಿಯಬೇಕು, ಅಷ್ಟೇ. ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ತಟ್ಟಿದರೆ ದಾದಿಗೆ ಬೈದಷ್ಟು ಸಿಟ್ಟು. ಮನೆ ಎಣಿಸಲು ಸವದತ್ತಿಯಿಂದ ಬಂದಿದ್ದ ಒಬ್ಬ ಪಾಪದ ಮನುಷ್ಯ ಮರ್ಯಾದೆಯಿಂದ ಎರಡು ಸಲ ತಟ್ಟಿ ನಿಂತಿದ್ದಕ್ಕೆ, "ಮುಚ್ಚಿದ್ರ ತಟ್ಟಬೇಕ್ರಿ. ಇದು ಮುಚ್ಚಿಲ್ಲ, ಒರಗಿಸೇತಿ" ಎಂದು ಒಳಗೆ ಕರೆದು, ಚಹಾ ಕುಡಿಸಿ, ಹೊರಗೆ ಕಳಿಸಿ, ಇನ್ನೊಮ್ಮೆ ನೂಕಿಕೊಂಡು ಬರಲು ಹೇಳಿದ್ದಳು. ಅವನು ಬಂದ ಕೂಡ.

ದಾದಿ ಎಂದರೆ ನನ್ನ ಅಬ್ಬಾನ ತಾಯಿ, ಹಾಜರಾಬಿ. ಒಣಗಿದ ಜೋಳದ ದಂಟಿನಂಥ ಹೆಂಗಸು, ದನಿ ಮಾತ್ರ ಅಗಸಿಯಾಚೆ ಕೇಳುವಂಥದು. ಮನೆಯಲ್ಲಿ ನಾವು ಅರ್ಧ ಉರ್ದು ಅರ್ಧ ಕನ್ನಡ ಕಲಸಿಕೊಂಡು ಆಡುತ್ತಿದ್ದರೂ, ಕಥೆಗೆ ಮತ್ತು ಜಗಳಕ್ಕೆ ದಾದಿಗೆ ಪೂರ್ತಿ ಕನ್ನಡವೇ ಬೇಕಾಗಿತ್ತು. ಪ್ರತಿ ಶುಕ್ರವಾರ ಮುಂಜಾನೆ ಔಡಲೆಣ್ಣೆಯಲ್ಲಿ ಅರಿವೆಯ ಚೂರು ಅದ್ದಿ ಬಾಗಿಲು ತಿರುಗುವ ಕಲ್ಲಿನ ಕುಣಿಗೆ ಹಿಂಡುತ್ತಿದ್ದಳು. ಉಳಿದ ಎಣ್ಣೆಯನ್ನು ನನ್ನ ನೆತ್ತಿಗೆ ಬಡಿಯುತ್ತಿದ್ದಳು, ಹಾಗಾಗಿ ಶುಕ್ರವಾರ ನಾನೂ ಬಾಗಿಲೂ ಒಂದೇ ವಾಸನೆ ಹೊಡೆಯುತ್ತಿದ್ದೆವು. ಮೊಣಕಾಲು ನೋವೆಂದು ಅವಳು ಮನೆ ಬಿಟ್ಟು ಹೋಗುತ್ತಿದ್ದುದು ಅಪರೂಪ. ಹೋದರೂ ಯಾರದಾದರೂ ಕೈಹಿಡಿದುಕೊಂಡು, ಅವರೇ ಬಾಗಿಲು ನೂಕಿ ಒಳಗೆ ಕರೆತರಬೇಕು. ಉಳಿದಂತೆ ಒಲೆಯ ಮುಂದೆ ಕುಳಿತು, ಬಾಗಿಲಿಗೆ ಬೆನ್ನು ಮಾಡಿಕೊಂಡೇ ಬಂದವರು ಯಾರೆಂದು ಹೇಳುತ್ತಿದ್ದಳು. ಗಂಗವ್ವನದು ಸೊಂಟದ ನೂಕು, ಏಕೆಂದರೆ ಅವಳ ಎರಡೂ ಕೈಯಲ್ಲಿ ಏನಾದರೂ ಇದ್ದೇ ಇರುತ್ತಿತ್ತು. ಟ್ರ್ಯಾಕ್ಸ್ ಗಾಡಿ ಓಡಿಸಿ ದಣಿದು ಬರುವ ಅಬ್ಬಾನದು ಹೆಗಲಿನದು, ಅಮ್ಮಿಯದು ಬೆರಳ ತುದಿಯದು, ಕಲ್ಲಿಗೂ ನೋವಾಗಬಾರದೆನ್ನುವಂತೆ. ನನ್ನದು ಎರಡೂ ಅಂಗೈಯದು. "ಧಡ್ಡ ಅಂತು ನೋಡು, ಬಂದ್ಲು ನಮ್ಮ ಮುನ್ನಿ" ಎನ್ನುತ್ತಿದ್ದಳು ದಾದಿ. ನಾನೂ ಈ ವಿದ್ಯೆ ಕಲಿತೆ. ಎಲ್ಲರದೂ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಂದೇ, ದಾದಿಯದು. ಅವಳು ಸದಾ ಒಳಗೇ ಇರುತ್ತಿದ್ದಳಲ್ಲ.

ಅಗಳಿ ಯಾಕಿಲ್ಲ ಎಂಬ ಕಥೆಯನ್ನು ದಾದಿ ನನಗೆ ಎಷ್ಟು ಸಲ ಹೇಳಿದ್ದಳೋ. ನಮ್ಮ ಹಿರಿಯನೊಬ್ಬ ಅಗಸಿಯ ಪಹರೆಯವನು. ಒಂದು ದಿನ ದಂಡು ಬಂತೆಂದು ಹುಡೇವಿನ ಮೇಲಿದ್ದವನು ಕೂಗಿದ. ಪ್ಯಾಟಿಯ ಜನ ಮಕ್ಕಳುಮರಿ, ದನಕರು ಕಟ್ಟಿಕೊಂಡು ಏರು ಹತ್ತಿ ಓಡಿ ಬಂದರು. ಅರ್ಧ ಜನ ಒಳಗೆ ಬಂದಿದ್ದರು, ಅರ್ಧ ಜನ ಇನ್ನೂ ಏರಿನಲ್ಲಿದ್ದರು. ದಂಡಿನ ಕುದುರೆಗಳು ಅವರ ಬೆನ್ನಿಗೇ ಇದ್ದವು. ಆಗ ನಮ್ಮ ಹಿರಿಯ ಅಗಸಿಯ ಬಾಗಿಲು ಹಾಕಿಬಿಟ್ಟ. ಹೊರಗುಳಿದವರು ಕದ ತಟ್ಟಿದರು. ತಟ್ಟಿಯೇ ತಟ್ಟಿದರು. ಆಮೇಲೆ ತಟ್ಟುವುದು ನಿಂತಿತು. "ಆ ಸಪ್ಪಳ ಅವನ ಕಿವ್ಯಾಗಿಂದ ಹೋಗಲಿಲ್ಲವಾ" ಎನ್ನುತ್ತಿದ್ದಳು ದಾದಿ. "ಮನಿಗೆ ಬಂದಾಂವನ ತನ್ನ ಮನಿ ಅಗಳಿ ಕಿತ್ತು ಹೊಂಡಕ್ಕ ಒಗದ. ಇನ್ನ ನಮ್ಮ ಮನಿತನದಾಗ ಯಾರೂ ಬಾಗಲಾ ಹಾಕಬಾರದು, ನಮ್ಮ ಬಾಗಲಾ ಯಾರೂ ತಟ್ಟೂ ಹಂಗ ಆಗಬಾರದು ಅಂದ." ಹೊರಗುಳಿದವರಲ್ಲಿ ಅವನ ಹೆಂಡತಿಯೂ ಇದ್ದಳು ಎಂದು ಒಮ್ಮೆ ಹೇಳಿದರೆ, ಇನ್ನೊಮ್ಮೆ ತಂಗಿ ಎನ್ನುತ್ತಿದ್ದಳು, ಮತ್ತೊಮ್ಮೆ ಯಾರಿದ್ದರೋ ದೇವರಿಗೇ ಗೊತ್ತು ಎನ್ನುತ್ತಿದ್ದಳು. ಯಾರ ದಂಡು ದಾದಿ ಎಂದರೆ, "ದಂಡಂದ್ರ ದಂಡು. ಬರೂವಾಗ ಎಲ್ಲಾ ಒಂದ ನಮೂನಿ ಕಾಣತಾವ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ನಾಲ್ಕನೆಯ ಇಯತ್ತೆಯವರೆಗೆ ಜಗತ್ತಿನಲ್ಲಿ ಇದೊಂದೇ ಕಥೆ ಇದೆಯೆಂದು ನಾನು ನಂಬಿದ್ದೆ. ಗಂಗವ್ವನ ಗಂಡ ಕಲ್ಲಪ್ಪ ಮಾಸ್ತರರು ನಮ್ಮ ಸಾಲೆಯಲ್ಲಿ ಕಲಿಸುತ್ತಿದ್ದರು. ಬೆಲ್ಲದಂಥ ಮನುಷ್ಯ, ಬೆತ್ತ ಹಿಡಿದರೂ ಅದರಿಂದ ತಮ್ಮ ಬೆನ್ನನ್ನೇ ತುರಿಸಿಕೊಳ್ಳುತ್ತಿದ್ದರು. ಊರಿನ ಚರಿತ್ರೆಯನ್ನು ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಬರೆಯುವ ಹುಚ್ಚು ಅವರಿಗೆ. ಒಂದು ದಿನ ಪಾಠ ಬಿಟ್ಟು ಅದನ್ನೇ ಓದಿ ಹೇಳಿದರು. ಪಹರೆಯವನೇ ಶತ್ರುಗಳೊಡನೆ ಸೇರಿ ಅಗಸಿಯ ಬಾಗಿಲು ತೆರೆದನಂತೆ. ದಂಡು ಒಳಗೆ ನುಗ್ಗಿ ಊರು ಹಾಳಾಯಿತಂತೆ. ಊರಿನ ಬಾಗಿಲು ಕಾಯದವನಿಗೆ ಸ್ವಂತಕ್ಕೊಂದು ಬಾಗಿಲು ಯಾಕೆಂದು ಹಿರಿಯರು ಅವನ ಮನೆಯ ಅಗಳಿ ಕಿತ್ತು ಒಯ್ದರಂತೆ. ಮಾಸ್ತರರು ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅಗಳಿಯಿಲ್ಲದ ಮನೆ ಊರಿಗೆಲ್ಲ ಒಂದೇ. ಇಡೀ ವರ್ಗ ತಿರುಗಿ ನನ್ನನ್ನು ನೋಡಿತು. ಮಾಸ್ತರರಿಗೆ ಆಗ ಹೊಳೆಯಿತೋ ಏನೋ, ಮುಖ ಕೆಂಪಗಾಗಿ, "ಅದು ಭಾಳ ಹಿಂದಿಂದವಾ. ನೀ ಮನಸಿಗೆ ಹಚ್ಚಿಕೋಬ್ಯಾಡ" ಎಂದರು. ಹಚ್ಚಿಕೊಳ್ಳದೆ ಏನು ಮಾಡಲಿ?

ಅಂದು ಮನೆಗೆ ಬಂದು ಅಬ್ಬಾನನ್ನು ಕೇಳಿದೆ. ಅವನು ಗಾಡಿಯ ಗಾಜು ಒರೆಸುತ್ತ, "ಬಾಗಲಾ ಮಾಡಿದ ಬಡಿಗ್ಯಾ ಅಗಳಿ ಮಾಡೂದು ಮರ್ತಿರಬೇಕು. ಇವರಿಬ್ಬರೂ ಅದರ ಮ್ಯಾಲೆ ಇಷ್ಟ ದೊಡ್ಡ ಪುರಾಣಾ ಕಟ್ಯಾರ" ಎಂದು ನಕ್ಕ. ಮರೆತಿದ್ದರೆ ಗೋಡೆಯಲ್ಲಿ ತೂತು ಯಾಕೆ ಕೊರೆದ ಎಂದರೆ ಮತ್ತೆ ನಕ್ಕು ಗಾಡಿಯ ಇನ್ನೊಂದು ಬದಿಗೆ ಹೋದ. ದಾದಿಗೆ ಮಾಸ್ತರರ ಮಾತು ಹೇಳಿದಾಗ ಅವಳು ಸಿಟ್ಟಾಗುತ್ತಾಳೆಂದುಕೊಂಡಿದ್ದೆ. ಅವಳು ರೊಟ್ಟಿ ತಿರುವಿ ಹಾಕಿದಳು. ಅದು ಬೆಂದ ಮೇಲೆ ತೆಗೆದಿಟ್ಟು, "ಹಂಗೂ ಇದ್ದೀತು" ಎಂದಳು. ಆ ಮಾತು ನನ್ನನ್ನು ಪೂರ್ತಿ ಕೆಡಿಸಿಬಿಟ್ಟಿತು. ಬಾಗಿಲು ಹಾಕಿದ್ದು ತಪ್ಪಾಗಿದ್ದರೆ ತೆರೆಯಬೇಕಿತ್ತು. ತೆರೆದದ್ದು ತಪ್ಪಾಗಿದ್ದರೆ ಹಾಕಬೇಕಿತ್ತು. ಎರಡೂ ತಪ್ಪೇ ಆಗುವುದಾದರೆ ಅಗಸಿಯಲ್ಲಿ ನಿಂತವನು ಮಾಡಬೇಕಾದದ್ದಾದರೂ ಏನು? ನಾನು ಯಾರ ಮೊಮ್ಮಗಳು, ಹಾಕಿದವನ ಕಡೆಯವಳೋ ತೆರೆದವನ ಕಡೆಯವಳೋ? ಸಾಲೆಗೆ ಹೋಗುವಾಗ ಕಮಾನಿನ ಕೆಳಗೆ ನಿಂತು ಒಮ್ಮೆ ಒಳಗೆ ನೋಡುತ್ತಿದ್ದೆ, ಒಮ್ಮೆ ಹೊರಗೆ ನೋಡುತ್ತಿದ್ದೆ. ಏನೂ ತಿಳಿಯುತ್ತಿರಲಿಲ್ಲ.

ಮರುವರ್ಷ ಚಳಿಗಾಲದಲ್ಲಿ ಎಲ್ಲೋ ದೂರದಲ್ಲಿ ಹೊತ್ತಿದ ಬೆಂಕಿಯ ಹೊಗೆ ನಮ್ಮ ಕಡೆಗೂ ಬಂತು. ರೇಡಿಯೋ ಹಚ್ಚಿದರೆ ಕೋಮುಗಲಭೆಯದೇ ಸುದ್ದಿ. ಪ್ಯಾಟಿಯಲ್ಲಿ ಜನ ಗುಂಪು ಗುಂಪಾಗಿ ನಿಲ್ಲತೊಡಗಿದರು, ನಾವು ಹೋದರೆ ಮಾತು ನಿಲ್ಲುತ್ತಿತ್ತು. ಅಬ್ಬಾ ಬೈಲಹೊಂಗಲದಿಂದ ಒಂದು ಕಬ್ಬಿಣದ ಚಿಲಕ ತಂದ. "ಅಮ್ಮಾ, ಕಾಲ ಚಲೋ ಇಲ್ಲ. ಇದೊಂದ ಹಚ್ಚಿಬಿಡತೇನಿ" ಎಂದ. ದಾದಿ ಒಪ್ಪಲಿಲ್ಲ. "ನಾ ಇರೂತನಾ ಬ್ಯಾಡ. ಬಾಗಲಾ ಹಾಕಿದ್ರ ಹೊರಗ ಇದ್ದವ್ರು ಹೊರಗ ಉಳಿತಾರ. ಅವರಾಗ ನಮ್ಮವ್ರು ಯಾರ ಇರತಾರ ಅನ್ನೂದು ಒಳಗ ಇದ್ದವ್ರಿಗೆ ಹ್ಯಾಂಗ ತಿಳೀಬೇಕು?" ಅಬ್ಬಾ ಹಣೆ ಹಣೆ ಬಡಿದುಕೊಂಡ. ಅಮ್ಮಿ ಅವತ್ತು ಮೊದಲ ಸಲ ಅತ್ತೆಗೆ ಎದುರಾಡಿ, "ಮನ್ಯಾಗ ಕೂಸುಗಳು ಅದಾವ, ಸ್ವಲ್ಪ ವಿಚಾರ ಮಾಡ್ರಿ" ಎಂದಳು. ದಾದಿ ಆ ಚಿಲಕವನ್ನು ತೆಗೆದುಕೊಂಡು ಗೋಡೆಯ ತೂತಿನಲ್ಲಿ ಸೂಜಿದಾರದ ಜೊತೆ ಇಟ್ಟುಬಿಟ್ಟಳು. ಮರುದಿನ ಅಬ್ಬಾ ಬಾಡಿಗೆಯ ಮೇಲೆ ರಾಮದುರ್ಗಕ್ಕೆ ಹೋದವನು ದಾರಿ ಬಂದ್ ಆಗಿ ಅಲ್ಲಿಯೇ ಸಿಕ್ಕಿಕೊಂಡ.

ಮೂರನೆಯ ದಿನ ಮಧ್ಯಾಹ್ನ. ನನ್ನ ಪುಟ್ಟ ತಮ್ಮನಿಗೆ ಜ್ವರ, ಅಮ್ಮಿ ಹಿಂದಿನ ಕೋಣೆಯಲ್ಲಿ ಅವನ ಹಣೆಗೆ ಒದ್ದೆ ಅರಿವೆ ಹಾಕುತ್ತಿದ್ದಳು. ನಾನು ಪಡಸಾಲೆಯಲ್ಲಿದ್ದೆ. ಅಬ್ಬಾನ ಗಾಡಿಯ ಧೂಳು ಕಾಣುತ್ತದೋ ನೋಡುತ್ತೇನೆಂದು ದಾದಿ ಯಾರ ಕೈಯನ್ನೂ ಹಿಡಿಯದೆ ಒಬ್ಬಳೇ ಹುಡೇವಿನ ಕಡೆಗೆ ಹೋಗಿದ್ದಳು. ಅವಳು ಹೋದದ್ದು ನನಗೆ ಗೊತ್ತಿರಲಿಲ್ಲ, ಹಿತ್ತಿಲಿನಲ್ಲಿದ್ದಾಳೆಂದುಕೊಂಡಿದ್ದೆ. ಎಂದುಕೊಂಡಿದ್ದೆನೋ, ಇಲ್ಲಾ ಆಮೇಲೆ ಹಾಗೆಂದು ನನಗೆ ನಾನೇ ಹೇಳಿಕೊಂಡೆನೋ. ಇಷ್ಟು ವರ್ಷ ಆ ಮಧ್ಯಾಹ್ನವನ್ನು ತಿರುವಿ ತಿರುವಿ ನೋಡಿದ್ದೇನೆ. ಒಮ್ಮೊಮ್ಮೆ ಅವಳ ಹಸಿರು ಸೆರಗು ಬಾಗಿಲಾಚೆ ಸರಿದದ್ದು ಕಂಡಂತಾಗುತ್ತದೆ, ಒಮ್ಮೊಮ್ಮೆ ಕಾಣುವುದಿಲ್ಲ.

ಅಷ್ಟರಲ್ಲಿ ಏರಿನ ಕಡೆಯಿಂದ ಗದ್ದಲ ಕೇಳಿಸಿತು. ಒಬ್ಬಿಬ್ಬರದಲ್ಲ, ಬಹಳ ಜನರದು. ಓಡುವ ಕಾಲುಗಳು, ಕೂಗು, ಯಾರದೋ ಮನೆಯ ತಗಡಿನ ಮೇಲೆ ಕಲ್ಲು ಬಿದ್ದ ಸದ್ದು. ದಂಡು ಬಂತು ಎಂದುಕೊಂಡೆ. ನಿಜ ಹೇಳುತ್ತೇನೆ, ನನ್ನ ತಲೆಗೆ ಬಂದದ್ದು ಅದೇ ಶಬ್ದ. ಮೂಲೆಯಲ್ಲಿದ್ದ ಒನಕೆಯನ್ನು ಎಳೆದು ತಂದೆ. ಒಂದು ತೂತಿನಿಂದ ತಂಬಾಕಿನ ಡಬ್ಬಿ, ಇನ್ನೊಂದರಿಂದ ಸೂಜಿ, ದಾರ, ಅಬ್ಬಾನ ಚಿಲಕ ಎಲ್ಲವನ್ನೂ ನೆಲಕ್ಕೆ ಚೆಲ್ಲಿ ಒನಕೆಯನ್ನು ಅಡ್ಡ ಸೇರಿಸಿದೆ. ಅಳತೆ ತೆಗೆದು ಮಾಡಿದಂತೆ ಕೂತಿತು. ಎಷ್ಟೋ ತಲೆಮಾರಿನ ಮೇಲೆ ನಮ್ಮ ಬಾಗಿಲಿಗೆ ಅಗಳಿ ಬಿತ್ತು, ಹಾಕಿದವಳು ನಾನು.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ನೂಕಿದರು. ಮೆಲ್ಲಗೆ, ಒಂದೇ ಕೈಯಲ್ಲಿ ನೂಕಿದಂತೆ. ಕದ ಹೆಬ್ಬೆರಳಿನಷ್ಟು ಸರಿದು ಒನಕೆಗೆ ತಾಗಿ ನಿಂತಿತು. ಅದು ಗಂಗವ್ವನ ಸೊಂಟವಲ್ಲ, ಅಬ್ಬಾನ ಹೆಗಲಲ್ಲ. ನನಗೆ ಪರಿಚಯವಿಲ್ಲದ ನೂಕು. ಗೊತ್ತಿಲ್ಲದವರು, ಅಂದರೆ ಅವರೇ. ನಾನು ಎರಡೂ ಅಂಗೈ ಕದಕ್ಕೆ ಒತ್ತಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ತಿರುಗಿ ನೂಕಿದೆ. ಹೊರಗಿನವರು ಇನ್ನೊಮ್ಮೆ ನೂಕಿದರು, ಮೊದಲಿಗಿಂತ ಮೆಲ್ಲಗೆ. ಮತ್ತೆ ನಾನು ಒತ್ತಿದೆ. ಅವರು ಕೂಗಲಿಲ್ಲ, ತಟ್ಟಲಿಲ್ಲ. ನಮ್ಮ ಮನೆಗೆ ತಟ್ಟದೆ ಬರುವವರು ನಮ್ಮವರೇ ಎಂಬುದು ನನಗೆ ಯಾಕೆ ಹೊಳೆಯಲಿಲ್ಲ? ಹೆಜ್ಜೆಗಳು ಕಟ್ಟೆ ಇಳಿದವು. ಆಮೇಲೆ ಠಪ್ ಎಂದು ಏನೋ ಬಿತ್ತು. ಗಂಗವ್ವನ ದನಿ ಕೇಳಿಸಿತು. "ಅಯ್ಯ ನಮ್ಮವ್ವಾ! ರಕ್ತ! ಬಾ ಅಕ್ಕಾ, ಇತ್ತಾಗ ಬಾ!"

ಗದ್ದಲಕ್ಕೆ ಎದ್ದು ಬಂದ ಅಮ್ಮಿ ಒನಕೆಯನ್ನು ನೋಡಿದಳು, ನನ್ನನ್ನು ನೋಡಿದಳು. "ದಾದಿ ಹೊರಗ ಹೋಗ್ಯಾಳಲ್ಲ" ಎಂದಳು. ಅವಳ ಮುಖ ಆಗ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ಒನಕೆಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಬಾಗಿಲು ತೆರೆದಳು. ಎದುರಿನ ಕಟ್ಟೆಯ ಮೇಲೆ ದಾದಿ ಕುಳಿತಿದ್ದಳು. ಗಂಗವ್ವ ಅವಳ ಹಣೆಯ ಗಾಯಕ್ಕೆ ಅರಿಶಿನ ಒತ್ತುತ್ತಿದ್ದಳು. ದಾದಿ ತಲೆಯೆತ್ತಿ ನೋಡಿದ್ದು ಒನಕೆ ಹಿಡಿದು ಬಾಗಿಲಲ್ಲಿ ನಿಂತ ಸೊಸೆಯನ್ನು. ನಾನು ಅಮ್ಮಿಯ ಹಿಂದೆ ಇದ್ದೆ. ನಾನೇ ಹಾಕಿದ್ದು ಎಂದು ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಅಮ್ಮಿಯೂ ಹೇಳಲಿಲ್ಲ.

ನಮ್ಮೂರಿನ ಗಲಾಟೆ ಅಷ್ಟಕ್ಕೇ ಮುಗಿಯಿತು. ಎಲ್ಲಿಂದಲೋ ಬಂದ ಹುಡುಗರೂ ಪ್ಯಾಟಿಯ ಕೆಲವರೂ ಕೂಡಿ ಏರು ಹತ್ತಿದ್ದರಂತೆ. ಕಲ್ಲಪ್ಪ ಮಾಸ್ತರರು ಓಣಿಯ ಹಿರಿಯರನ್ನು ಕೂಡಿಸಿಕೊಂಡು ಎರಡು ಚಕ್ಕಡಿಗಳನ್ನು ಕಮಾನಿಗೆ ಅಡ್ಡ ನಿಲ್ಲಿಸಿ, ತಾವು ನೊಗದ ಮೇಲೆ ಕುಳಿತುಬಿಟ್ಟರಂತೆ. ಚಕ್ಕಡಿಯ ಮೇಲಿಂದ ತೂರಿದ ಕಲ್ಲುಗಳಲ್ಲಿ ಒಂದು ದಾದಿಗೆ ಬಡಿದಿತ್ತು. ಓಣಿಗೆ ದಿನಾ ಹಾಲು ಕೊಡುವವನೂ ಹೊರಗೆ ಉಳಿದು, "ಮಾಸ್ತರ, ನನ್ನ ಒಳಗ ಬಿಡ್ರಿ, ನಾ ಯಾವ ಪಾರ್ಟಿನೂ ಅಲ್ಲ" ಎಂದು ಬಾಯಿ ಬಡಿದುಕೊಳ್ಳುತ್ತಿದ್ದನಂತೆ. ಮಾಸ್ತರರು ಬಿಡಲಿಲ್ಲ. ಒಬ್ಬನಿಗೆ ಸ್ವಲ್ಪ ಸರಿಸಿದರೆ ಎಲ್ಲರೂ ನುಗ್ಗುತ್ತಾರೆಂಬ ಹೆದರಿಕೆ. ಹಾಲಿನವನು ಮುಂದೆ ಒಂದು ತಿಂಗಳು ಅವರ ಮನೆಗೆ ಹಾಲು ಕೊಡಲಿಲ್ಲ. ಎಷ್ಟೋ ವರ್ಷದ ಮೇಲೆ ಮಾಸ್ತರರ ನೋಟುಬುಕ್ಕು ನನ್ನ ಕೈಗೆ ಸಿಕ್ಕಾಗ ಆ ಪುಟ ಹುಡುಕಿದೆ. ಪಹರೆಯವನು ಬಾಗಿಲು ತೆರೆದನು ಎಂಬ ವಾಕ್ಯದ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಬೇರೇನೂ ಬರೆದಿರಲಿಲ್ಲ.

ಎರಡು ದಿನಕ್ಕೆ ಅಬ್ಬಾ ಬಂದ. ನೆಲದ ಮೇಲೆ ಬಿದ್ದಿದ್ದ ಚಿಲಕವನ್ನು ಎತ್ತಿಕೊಂಡು ಯಾರನ್ನೂ ಕೇಳದೆ ಬಾಗಿಲಿಗೆ ಜಡಿದ. ದಾದಿ ಬೇಡ ಎನ್ನಲಿಲ್ಲ. ಆ ಶುಕ್ರವಾರ ಎಣ್ಣೆ ಹಾಕುವಾಗ ಚಿಲಕಕ್ಕೂ ಒಂದು ಹನಿ ಹಾಕಿದಳು. ಆದರೆ ಅಲ್ಲಿಂದ ಮುಂದೆ ಅವಳು ಹೊರಗೆ ಹೋಗಿ ಬಂದಾಗಲೆಲ್ಲ, ಬಾಗಿಲು ಒರಗಿಸಿಯೇ ಇರಲಿ, ಪೂರ್ತಿ ತೆರೆದೇ ಇರಲಿ, ಹೊಸ್ತಿಲಾಚೆ ನಿಂತು ಮೂರು ಸಲ ತಟ್ಟುತ್ತಿದ್ದಳು. "ನಾನವಾ, ಹಾಜರಾಬಿ. ಒಳಗ ಬರಲೇನು?" ತನ್ನ ಸ್ವಂತ ಮನೆಗೆ! ಆ ತಟ್ಟುವ ಸದ್ದು ನನಗೆ ಛೀಮಾರಿಯಂತೆ ಕೇಳಿಸುತ್ತಿತ್ತು. ಅಮ್ಮಿ ಒಲೆಯ ಮುಂದೆ ತಲೆತಗ್ಗಿಸುತ್ತಿದ್ದಳು. ಅತ್ತೆ ಸೊಸೆಯ ನಡುವೆ ಮಾತು ಕಡಿಮೆಯಾಗಿದೆಯೆಂದು ನನಗೆ ಅನ್ನಿಸುತ್ತಿತ್ತು. ಅಮ್ಮಿಯ ತಲೆಯ ಮೇಲೆ ನನ್ನ ತಪ್ಪು ಕುಳಿತಿದೆ, ನಾನು ಬಾಯಿಬಿಟ್ಟರೆ ಇಳಿಯುತ್ತದೆ, ಆದರೆ ಬಾಯಿಬಿಟ್ಟರೆ ದಾದಿಗೆ ನಾನು ಬೇಡವಾಗುತ್ತೇನೆ. ಈ ಲೆಕ್ಕದಲ್ಲಿಯೇ ಸಾಲೆ ಮುಗಿಯಿತು, ಸವದತ್ತಿಯ ಹೈಸ್ಕೂಲು ಮುಗಿಯಿತು, ಧಾರವಾಡದ ಓದೂ ಮುಗಿಯುತ್ತ ಬಂತು. ಅಗಸಿಯ ಕಥೆಯನ್ನು ದಾದಿ ಮತ್ತೆ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಎರಡು ಸಾವಿರದ ಇಸವಿಯ ಆಚೆಗೆ ಒಂದು ಬೇಸಿಗೆಯಲ್ಲಿ ದಾದಿ ಹಾಸಿಗೆ ಹಿಡಿದಳು. ನಾನು ಊರಿಗೆ ಬಂದೆ. ಸುಡು ಮಧ್ಯಾಹ್ನ, ಗುಡ್ಡದ ಕಲ್ಲು ಕಾದು ಮನೆಯೊಳಗೂ ಕಾವು ಬರುತ್ತಿತ್ತು. ಬೀಸಣಿಕೆ ಬೀಸುತ್ತ ಕುಳಿತಿದ್ದವಳು ಇದ್ದಕ್ಕಿದ್ದಂತೆ ಹೇಳಿಬಿಟ್ಟೆ. "ದಾದಿ, ಅವತ್ತ ಒನಕಿ ಹಾಕಿದಾಕಿ ಅಮ್ಮಿ ಅಲ್ಲ. ನಾನು." ಅವಳು ಕಣ್ಣು ತೆರೆಯದೆಯೇ ನಕ್ಕಳು.

"ಗೊತ್ತಿತ್ತ ತಗೋ. ಆ ಕಡಿಂದ ಎರಡೂ ಅಂಗೈ ಹಚ್ಚಿ ನೂಕಿದಿ. ನಿನ್ನ ಕೈ ನನಗ ತಿಳಿಯಂಗಿಲ್ಲೇನು?"

ಬೀಸಣಿಕೆ ನನ್ನ ಕೈಯಲ್ಲಿ ನಿಂತಿತು. "ಹಂಗಾರ ಯಾಕ ಕೂಗಲಿಲ್ಲ ನೀ? ಒಂದ ಮಾತ ಆಡಿದ್ರ ತೆಗಿತಿದ್ದೆ."

"ಕೂಗಿದ್ರ, ದಾದಿನ್ನ ಹೊರಗ ಹಾಕಿದೆ ಅಂತ ನಿನಗ ತಿಳೀತಿತ್ತಲ್ಲ."

ಆ ಮೇಲಿನ ಅಷ್ಟು ವರ್ಷ ಬಾಗಿಲು ತಟ್ಟಿದ್ದು ಯಾಕೆಂದು ಕೇಳಿದೆ. "ನೀ ಒಳಗ ಹೆದರಬಾರದಂತ" ಎಂದಳು. "ಬರಾಕಿ ಯಾರಂತ ನಿನಗ ಮೊದಲ ಗೊತ್ತಾಗಲಿ ಅಂತ." ನಾನು ಛೀಮಾರಿ ಎಂದು ಎದೆಯಲ್ಲಿ ಇಟ್ಟುಕೊಂಡಿದ್ದ ಆ ಸದ್ದು ಮಮತೆಯೆಂದು ತಿಳಿದಾಗ ಹಗುರಾಗಬೇಕಿತ್ತು. ಹಗುರಾಗಲಿಲ್ಲ. ಇದೇ ದಾದಿ ಅಲ್ಲವೇ ಪಹರೆಯವನ ಕಥೆಯಲ್ಲಿ ಒಮ್ಮೆ ಹೆಂಡತಿಯನ್ನು, ಒಮ್ಮೆ ತಂಗಿಯನ್ನು ಹೊರಗೆ ನಿಲ್ಲಿಸಿದವಳು? ಕೇಳುವವರ ಮನಸ್ಸಿಗೆ ಬೇಕಾದಂತೆ ಕಥೆ ತಿದ್ದುವುದು ಅವಳಿಗೆ ಬರುತ್ತಿತ್ತು. ಈ ಕಥೆಯನ್ನೂ ನನಗಾಗಿ ತಿದ್ದಿದಳೋ ಏನೋ. ಎಂಟು ದಿನಕ್ಕೆ ಅವಳು ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಅಮ್ಮಿಯ ಮುಂದೆಯೂ ತಪ್ಪು ಒಪ್ಪಿಕೊಂಡೆ, ನನ್ನ ಸಲುವಾಗಿ ಇಷ್ಟು ವರ್ಷ ಮಾತು ಹೊತ್ತುಕೊಂಡೆಯಲ್ಲ ಎಂದೆ. ಅಮ್ಮಿಗೆ ಆಶ್ಚರ್ಯ. "ಮರುದಿನಾನ ಹೇಳಿದ್ರಲ್ಲ ಅವರು, ಹುಡುಗಿಗೆ ಏನೂ ಅನಬ್ಯಾಡ, ಹೆದರೇತಿ ಅಂತ. ನಮ್ಮಿಬ್ಬರ ನಡುವ ಏನೂ ಇರಲಿಲ್ಲವಾ" ಎಂದಳು. ಹಾಗಾದರೆ ಅಷ್ಟು ವರ್ಷ ಅವರಿಬ್ಬರ ನಡುವೆ ನಾನು ಕಂಡ ಆ ಮೌನ ಯಾವುದು? ತಗ್ಗಿಸಿದ ಅಮ್ಮಿಯ ತಲೆ ಬರೀ ಒಲೆ ಊದಲು ತಗ್ಗಿದ್ದೇ? ದಂಡು ಯಾರದೆಂದು ತಿಳಿಯದ ಹಾಗೆಯೇ ಇದೂ ತಿಳಿಯದೆ ಉಳಿಯಿತು.

ಈಗ ಕಲ್ಲಗಡದಲ್ಲಿ ನಮ್ಮ ಮನೆಯಿಲ್ಲ. ದಾದಿ ಹೋದ ಮೂರನೆಯ ಮಳೆಗಾಲಕ್ಕೆ ಹಿಂದಿನ ಗೋಡೆ ಕುಸಿಯಿತು. ಅಬ್ಬಾ ಅಮ್ಮಿ ಸವದತ್ತಿಗೆ ಬಂದರು. ಕಲ್ಲುಗಳನ್ನು ಯಾರು ಯಾರೋ ಒಯ್ದರು, ಕೋಟೆಯ ಕಲ್ಲನ್ನು ಹಿಂದೆ ನಾವು ಒಯ್ದಿದ್ದಂತೆ. ಬಾಗಿಲನ್ನು ಗಂಗವ್ವ ತನ್ನ ದನದ ಕೊಟ್ಟಿಗೆಗೆ ಹಾಕಿಸಿಕೊಂಡಳು. ಅದನ್ನು ಈಗ ಎಮ್ಮೆ ನೂಕುತ್ತದೆ. ಗಂಗವ್ವನೂ ಇಲ್ಲ, ಮಾಸ್ತರರೂ ಇಲ್ಲ. ಕಮಾನೊಂದು ನಿಂತಿದೆ ಎಂದು ಹೋಗಿ ಬಂದವರು ಹೇಳುತ್ತಾರೆ. ನಾನು ಹೋಗಿಲ್ಲ.

ಬಡಿಗ ಹೋದ ಮೇಲೆ ನಾನು ಹೊಸ ಬಾಗಿಲನ್ನು ಎಳೆದುಕೊಂಡು ಹೊರಗೆ ನಿಂತೆ. ಹಿಟ್ಟು ಒಣಗಿದ ಕೈಯನ್ನು ಕದದ ಮೇಲಿಟ್ಟು, ಮೆಲ್ಲಗೆ, ಒಂದೇ ಕೈಯಲ್ಲಿ ನೂಕಿ ನೋಡಿದೆ. ಇಷ್ಟು ಜೋರಾಗಿರಲಿಲ್ಲ ಅನ್ನಿಸಿತು. ಇನ್ನೊಮ್ಮೆ, ಇನ್ನೂ ಮೆಲ್ಲಗೆ ನೂಕಿದೆ. ಇಷ್ಟು ಮೆಲ್ಲಗೂ ಇರಲಿಲ್ಲವೇನೋ. ಊರಿನವರೆಲ್ಲರ ನೂಕು ಇವತ್ತಿಗೂ ನನ್ನ ಕಿವಿಯಲ್ಲಿದೆ. ದಾದಿಯದನ್ನು ನಾನು ಕೇಳಿದ್ದು ಆ ಮಧ್ಯಾಹ್ನ ಎರಡು ಸಲ ಮಾತ್ರ. ಆ ಎರಡು ಸಲವೂ ನಾನು ತಿರುಗಿ ನೂಕುತ್ತಿದ್ದೆ.